ಒಂದೇ ಮುದ್ದೆಗೆ ಮೂರು ಆಪ್, ಮೂರು ಲೆಕ್ಕ

ಪ್ರಶ್ನೆ: ನನಗೆ 41 ವರ್ಷ, ಹಾಸನದಲ್ಲಿ ಶಾಲಾ ಶಿಕ್ಷಕಿ. ಎತ್ತರ 156 ಸೆಂ.ಮೀ., ತೂಕ 68 ಕೆ.ಜಿ. ಡಾಕ್ಟರ್ ತೂಕ ಇಳಿಸಿ ಅಂದಿದ್ದಾರೆ. ಸ್ಟಾಫ್ ರೂಮಿನಲ್ಲಿ ಒಬ್ಬೊಬ್ಬರು ಒಂದೊಂದು ಹೇಳಿ, ಈಗ ಫೋನಿನಲ್ಲಿ ಮೂರು ಕ್ಯಾಲೊರಿ ಆಪ್ ಇವೆ. ಒಂದು ರಾಗಿ ಮುದ್ದೆಗೆ ಮೊದಲನೆಯದು 112 ಅನ್ನುತ್ತದೆ, ಎರಡನೆಯದು 210, ಮೂರನೆಯದು 328! ದಿನಕ್ಕೆ 1200 ದಾಟಬೇಡಿ ಅಂತ ಬೇರೆ ಹೇಳುತ್ತಿದೆ. ಯಾವುದನ್ನು ನಂಬಲಿ? ದುಡ್ಡು ಕೊಟ್ಟು ತಗೊಳ್ಳಬೇಕಾ? ಶುಗರ್ ಇರುವ ನಮ್ಮ ಯಜಮಾನರೂ ಇದನ್ನೇ ಬಳಸಬಹುದಾ? ಹಬ್ಬ, ಮದುವೆ ಊಟ ಹೇಗೆ ಬರೆಯೋದು?

ಉತ್ತರ: ಮೊದಲು ಆ 328ರ ಕಥೆ ಹೇಳಿಬಿಡುತ್ತೇನೆ. ಆ ಸಂಖ್ಯೆ ನೋಡಿದ ಕೂಡಲೇ ನನಗೆ ನಗು ಬಂತು, ಯಾಕೆಂದರೆ ಅದು ನನಗೆ ಕಾಲೇಜಿನ ದಿನದಿಂದ ಪರಿಚಯ.

ಹೈದರಾಬಾದಿನಲ್ಲಿ ರಾಷ್ಟ್ರೀಯ ಪೋಷಣಾ ಸಂಸ್ಥೆ ಇದೆ, ನಾವೆಲ್ಲ ಎನ್‌ಐಎನ್ ಅನ್ನುತ್ತೇವೆ. ನಮ್ಮ ದೇಶದ ಯಾವ ಕಾಳಿನಲ್ಲಿ ಎಷ್ಟು ಶಕ್ತಿ, ಎಷ್ಟು ಪ್ರೋಟೀನ್ ಅಂತ ಅಳೆದು ಪಟ್ಟಿ ಮಾಡುವುದು ಅವರ ಕೆಲಸಗಳಲ್ಲಿ ಒಂದು. ಅವರ ಹಳೆಯ ಪಟ್ಟಿಯಲ್ಲಿ 100 ಗ್ರಾಂ ರಾಗಿಗೆ 328 ಕ್ಯಾಲೊರಿ ಅಂತ ಇತ್ತು. 2017ರಲ್ಲಿ ಬಂದ ಹೊಸ ಪಟ್ಟಿಯಲ್ಲಿ ಅದು ಸುಮಾರು 320 ಆಗಿದೆ. ಅಂದರೆ ನಿಮ್ಮ ಮೂರನೆಯ ಆಪ್ ಕೊಟ್ಟಿರುವುದು ಮುದ್ದೆಯ ಲೆಕ್ಕವಲ್ಲ, 100 ಗ್ರಾಂ ಒಣ ರಾಗಿಯ ಲೆಕ್ಕ. ಯಾರೋ ಅದನ್ನು 'ರಾಗಿ ಮುದ್ದೆ' ಅಂತ ಹೆಸರಿಟ್ಟು ಸೇರಿಸಿದ್ದಾರೆ, ಅಷ್ಟೇ. ಮೊದಲನೆಯದರ 112 ಕೂಡ ತಪ್ಪಲ್ಲ. 100 ಗ್ರಾಂ ಹಿಟ್ಟಿಗೆ ನೀರು ಸೇರಿ ಬೆಂದ ಮೇಲೆ 280–300 ಗ್ರಾಂ ಮುದ್ದೆ ಆಗುತ್ತದೆ. ಹಾಗಾಗಿ 100 ಗ್ರಾಂ ಮುದ್ದೆಗೆ 110ರ ಆಸುಪಾಸು ಸರಿ. ಆದರೆ ಹಾಸನದಲ್ಲಿ ಯಾರು 100 ಗ್ರಾಂ ಮುದ್ದೆ ತಿನ್ನುತ್ತಾರೆ? ಅದು ಮಕ್ಕಳ ಕೈಗೆ ಕೊಡುವ ಉಂಡೆ. ನಡುವಿನ 210 ಅಂದರೆ 65 ಗ್ರಾಂ ಹಿಟ್ಟಿನ ಒಂದು ಚಿಕ್ಕ ಮುದ್ದೆ. ಮೂರೂ ಒಂದು ರೀತಿಯಲ್ಲಿ ಸರಿ. ನಿಮ್ಮ ತಟ್ಟೆಯ ಮುದ್ದೆಗೆ ಮೂರೂ ತಪ್ಪು.

ಆದ್ದರಿಂದ 'ಯಾವ ಆಪ್ ನಂಬಲಿ' ಅನ್ನುವುದಕ್ಕೆ ನನ್ನ ಉತ್ತರ ಸ್ವಲ್ಪ ವಿಚಿತ್ರ ಅನ್ನಿಸಬಹುದು. ಯಾವ ಆಪ್‌ನ ಮುದ್ದೆಯನ್ನೂ ನಂಬಬೇಡಿ. ನಿಮ್ಮ ಮನೆಯ ಮುದ್ದೆಯನ್ನು ನೀವೇ ಬರೆದಿಡಲು ಯಾವುದು ಸುಲಭ ಮಾಡಿಕೊಡುತ್ತದೋ ಅದನ್ನು ಇಟ್ಟುಕೊಳ್ಳಿ.

ಯಾಕೆ ಹೇಳುತ್ತೇನೆ ಕೇಳಿ. ಕ್ಯಾಲೊರಿ ಲೆಕ್ಕ ಎಂದೂ ನಿಖರ ಆಗುವುದಿಲ್ಲ. ಪ್ಯಾಕೆಟ್ ಮೇಲೆ ಅಚ್ಚಾದ ಅಂಕಿ ಕೂಡ ಒಂದಷ್ಟು ಆಚೀಚೆ ಇರುತ್ತದೆ. ಆದರೆ ತಪ್ಪು ದಿನಾ ಒಂದೇ ತರ ಇದ್ದರೆ ತೊಂದರೆ ಇಲ್ಲ. ಕಿರಾಣಿ ಅಂಗಡಿಯ ತಕ್ಕಡಿ ಯಾವಾಗಲೂ 50 ಗ್ರಾಂ ಹೆಚ್ಚು ತೋರಿಸಿದರೂ, ಹೋದ ವಾರಕ್ಕಿಂತ ಈ ವಾರ ಜಾಸ್ತಿ ತಂದಿರಾ ಕಡಿಮೆ ತಂದಿರಾ ಅಂತ ಅದರಲ್ಲಿ ಗೊತ್ತಾಗುತ್ತದೆ. ಸೋಮವಾರ 50 ಹೆಚ್ಚು, ಮಂಗಳವಾರ 80 ಕಡಿಮೆ ತೋರಿಸುವ ತಕ್ಕಡಿ ಇದ್ದೂ ದಂಡ. ಮೂರು ಆಪ್‌ಗಳ ನಡುವೆ ಓಡಾಡುತ್ತಿದ್ದರೆ ನಿಮ್ಮದು ಈ ಎರಡನೆಯ ತಕ್ಕಡಿ.

'ನಮ್ಮಲ್ಲಿ ಲಕ್ಷಗಟ್ಟಲೆ ಆಹಾರಗಳ ಮಾಹಿತಿ ಇದೆ' ಅನ್ನುವ ಜಾಹೀರಾತಿಗೆ ಮರುಳಾಗಬೇಡಿ. ನಿಮ್ಮ ಅಡುಗೆಮನೆಯಲ್ಲಿ ತಿಂಗಳಿಡೀ ತಿರುಗಿ ತಿರುಗಿ ಆಗುವುದು ಎಷ್ಟು ಬಗೆ? ಒಂದು ಹಾಳೆಯಲ್ಲಿ ಬರೆದು ನೋಡಿ. ಇಡ್ಲಿ, ದೋಸೆ, ಅಕ್ಕಿ ರೊಟ್ಟಿ, ಉಪ್ಪಿಟ್ಟು, ಚಿತ್ರಾನ್ನ, ಅನ್ನ, ಮುದ್ದೆ, ಬಸ್ಸಾರು, ಹುಳಿ, ತಿಳಿಸಾರು, ಎರಡು ಮೂರು ಪಲ್ಯ, ಮೊಸರು, ಕಾಫಿ. ನನ್ನ ಹತ್ತಿರ ಬರುವವರ ಪಟ್ಟಿ ಮೂವತ್ತು ದಾಟುವುದು ಅಪರೂಪ. ಆ ಮೂವತ್ತು ಸರಿ ಇದ್ದರೆ ಸಾಕು. ದೊಡ್ಡ ಪಟ್ಟಿಯಿಂದ ಕೆಡುಕೇ ಜಾಸ್ತಿ, ಯಾಕೆಂದರೆ 'ಚಿತ್ರಾನ್ನ' ಅಂತ ಹುಡುಕಿದರೆ ಹದಿನೈದು ಬಗೆಯ ಚಿತ್ರಾನ್ನ ಬರುತ್ತವೆ, ಕೈ ತಾನಾಗಿಯೇ ಕಡಿಮೆ ಅಂಕಿಯದ್ದನ್ನು ಒತ್ತುತ್ತದೆ. ನಾನೂ ಒತ್ತಿದ್ದೇನೆ, ಅದರಲ್ಲೇನು ನಾಚಿಕೆ.

ಈಗ ಹೆಸರು ಹಿಡಿದು ಮಾತಾಡೋಣ. ಹೆಚ್ಚು ಜನ ಕೇಳುವುದು ಮೂರರ ಬಗ್ಗೆ.

ಮೈಫಿಟ್‌ನೆಸ್‌ಪಾಲ್ ಅಮೆರಿಕದ್ದು, 2005ರಷ್ಟು ಹಳೆಯದು. ಅದರ ಪಟ್ಟಿ ಬೆಳೆದದ್ದೇ ಬಳಕೆದಾರರು ಸೇರಿಸಿದ್ದರಿಂದ. ಅದೇ ಅದರ ಬಲ, ಅದೇ ಅದರ ರೋಗ. ಪ್ಯಾಕೆಟ್‌ನ ಬಾರ್‌ಕೋಡ್ ಸ್ಕ್ಯಾನ್ ಮಾಡುವ ಸೌಲಭ್ಯ ಮೊದಲು ಬಿಟ್ಟಿ ಇತ್ತು. 2022ರಲ್ಲಿ ಅದನ್ನು ದುಡ್ಡು ಕೊಡುವವರಿಗೆ ಮಾತ್ರ ಅಂತ ಮಾಡಿದರು. ಮನೆ ಊಟ ಮಾಡುವವರಿಗೆ ಇದರಿಂದ ದೊಡ್ಡ ನಷ್ಟವೇನಿಲ್ಲ, ನಮ್ಮ ಸೊಪ್ಪಿನ ಕಟ್ಟಿಗೆ ಬಾರ್‌ಕೋಡ್ ಇರುವುದಿಲ್ಲವಲ್ಲ.

ಹೆಲ್ತಿಫೈ, ಮೊದಲಿನ ಹೆಸರು ಹೆಲ್ತಿಫೈಮಿ, ನಮ್ಮ ಬೆಂಗಳೂರಿನದ್ದೇ. 2012ರಲ್ಲಿ ಶುರುವಾದದ್ದು. ನಮ್ಮ ತಿಂಡಿಗಳ ಹೆಸರು ಅದರಲ್ಲಿ ಸಿಗುತ್ತವೆ, ಅಳತೆಯೂ ಬಟ್ಟಲು, ಚಮಚ, ಇಡ್ಲಿ ಇಷ್ಟು ಅಂತ ನಮ್ಮ ರೀತಿಯಲ್ಲಿದೆ. ಶುರು ಮಾಡುವವರಿಗೆ ಹಿತ. ಆದರೆ 'ಒಂದು ಬಟ್ಟಲು' ಅಂದರೆ ಎಷ್ಟು ಗ್ರಾಂ ಅಂತ ಒಮ್ಮೆ ನೋಡಿಕೊಳ್ಳಿ. ನಿಮ್ಮ ಮನೆಯ ಬಟ್ಟಲು ಅದಕ್ಕೆ ಒಂದೂವರೆ ಪಟ್ಟು ಇರಬಹುದು.

ಕ್ರೋನೋಮೀಟರ್ ಕೆನಡಾದ್ದು. ಅದರಲ್ಲಿ ಒಂದು ಗುಣ ನನಗೆ ತುಂಬ ಇಷ್ಟ: ಒಂದು ಆಹಾರದ ಅಂಕಿ ಯಾವ ಪಟ್ಟಿಯಿಂದ ಬಂತು ಅಂತ ಅಲ್ಲೇ ತೋರಿಸುತ್ತದೆ. ಕಬ್ಬಿಣ, ಕ್ಯಾಲ್ಸಿಯಂ, ಬಿ12 ಎಲ್ಲ ವಿವರವಾಗಿ ಕಾಣುತ್ತದೆ. ನಮ್ಮ ಬಸ್ಸಾರು, ಉಪ್ಪುಸಾರು ಅಲ್ಲಿ ಹುಡುಕಬೇಡಿ. ಬೇಳೆ, ಅಕ್ಕಿ, ಎಣ್ಣೆ, ತರಕಾರಿ ಬಿಡಿಬಿಡಿಯಾಗಿ ಹಾಕಿ ಅಡುಗೆ ಕಟ್ಟಿಕೊಳ್ಳುವವರಿಗೆ ಅದು ಸರಿ.

ನಿಮ್ಮ ಫೋನಿನಲ್ಲಿರುವ ಮೂರು ಇವೇ ಇರಲಿ, ಬೇರೆ ಇರಲಿ, ಒಂದು ಸಂಜೆ ಕೂತು ಪರೀಕ್ಷೆ ಮಾಡಿ. ಮೂರರಲ್ಲೂ ನಿಮ್ಮ ಮನೆಯ ಹುಳಿಯನ್ನು ಅಡುಗೆಯಾಗಿ ಸೇರಿಸಲು ನೋಡಿ. ಒಂದು ಉದಾಹರಣೆ ಕೊಡುತ್ತೇನೆ. ತೊಗರಿಬೇಳೆ 150 ಗ್ರಾಂ, ಅದು ಸುಮಾರು 500 ಕ್ಯಾಲೊರಿ. ತರಕಾರಿ 300 ಗ್ರಾಂ, 90 ಹಿಡಿಯಿರಿ. ಹಸಿ ಕಾಯಿತುರಿ 50 ಗ್ರಾಂ, 200ಕ್ಕೆ ಸ್ವಲ್ಪ ಮೇಲೆ. ಒಗ್ಗರಣೆಗೆ ಎರಡು ಟೀ ಚಮಚ ಎಣ್ಣೆ, 85. ಹುಣಸೆ, ಪುಡಿ ಎಲ್ಲ ಸೇರಿ 40. ಒಟ್ಟು 920. ಇಷ್ಟು ಯಾವ ಆಪ್‌ನಲ್ಲೂ ಆಗುತ್ತದೆ. ಮುಖ್ಯ ಹೆಜ್ಜೆ ಮುಂದಿನದು. ಬೆಂದ ಮೇಲೆ ಪಾತ್ರೆ ಸಮೇತ ತೂಕ ಮಾಡಿ, ಖಾಲಿ ಪಾತ್ರೆಯ ತೂಕ ಕಳೆಯಿರಿ. 1600 ಗ್ರಾಂ ಹುಳಿ ಬಂತು ಅಂದುಕೊಳ್ಳಿ. ಹಾಗಾದರೆ 100 ಗ್ರಾಂಗೆ 57–58. ನಿಮ್ಮ ಸೌಟಿನಲ್ಲಿ 120 ಗ್ರಾಂ ಹಿಡಿದರೆ ಒಂದು ಸೌಟಿಗೆ 70. 'ಒಟ್ಟು ಇಷ್ಟು ಗ್ರಾಂ ಆಯಿತು, ಅದರಲ್ಲಿ ನಾನು ಇಷ್ಟು ಗ್ರಾಂ ತಿಂದೆ' ಅಂತ ಹೇಳಲು ಯಾವ ಆಪ್ ಬಿಡುತ್ತದೋ ಅದು ಪಾಸು. 'ಎಷ್ಟು ಜನಕ್ಕೆ ಬಡಿಸುತ್ತೀರಿ' ಅಂತ ಮಾತ್ರ ಕೇಳುವ ಆಪ್ ನಮ್ಮ ಮನೆಗಳಿಗೆ ಆಗಿಬರುವುದಿಲ್ಲ. ಹುಳಿ ನಾಲ್ಕು ಜನಕ್ಕೆ ಅಂತ ಮಾಡಿದರೂ ಸಮನಾಗಿ ನಾಲ್ಕು ಪಾಲು ಯಾರ ಮನೆಯಲ್ಲಿ ಆಗುತ್ತದೆ?

ಇದಕ್ಕೆ ಒಂದು ಕಿಚನ್ ಸ್ಕೇಲ್ ಬೇಕು. 5 ಕೆ.ಜಿ. ತನಕ ತೂಗುವ, ಒಂದೊಂದು ಗ್ರಾಂ ತೋರಿಸುವ ಸಾಧಾರಣದ್ದು ಸಾಕು. ಆಪ್‌ಗೆ ದುಡ್ಡು ಕೊಡಬೇಕಾ ಅಂದಿರಲ್ಲ, ಮೊದಲ ದುಡ್ಡು ಇದಕ್ಕೆ ಹಾಕಿ. ಖಾಲಿ ಕುಕ್ಕರ್, ಖಾಲಿ ಬಾಣಲೆ ಎಲ್ಲ ಒಮ್ಮೆ ತೂಗಿ, ತೂಕವನ್ನು ಅಡುಗೆಮನೆ ಬಾಗಿಲ ಹಿಂದೆ ಒಂದು ಚೀಟಿಯಲ್ಲಿ ಅಂಟಿಸಿಡಿ. ಜೀವನಪೂರ್ತಿ ಗ್ರಾಂ ಲೆಕ್ಕ ಹಾಕಿ ಅಂತ ಹೇಳುತ್ತಿಲ್ಲ. ಮೂರು ವಾರ ಮಾಡಿದರೆ ಕಣ್ಣಿಗೆ ಅಳತೆ ಕೂರುತ್ತದೆ. ನಿಮ್ಮ ಮೂವತ್ತು ಅಡುಗೆಯೂ ಆಪ್‌ನಲ್ಲಿ ಕೂತಿರುತ್ತವೆ. ಆಮೇಲೆ ದಿನಕ್ಕೆ ಐದು ನಿಮಿಷದ ಕೆಲಸ.

ಎಣ್ಣೆಯ ಬಗ್ಗೆ ಮಾತ್ರ ಸ್ವಲ್ಪ ನಿಧಾನವಾಗಿ ಹೇಳಬೇಕು. ನನ್ನ ಅನುಭವದಲ್ಲಿ ಆಪ್ ಲೆಕ್ಕ ತಪ್ಪುವುದು ಅನ್ನದಲ್ಲಿ ಅಲ್ಲ, ಎಣ್ಣೆಯಲ್ಲಿ. ಒಂದು ಟೀ ಚಮಚಕ್ಕೆ 40 ಕ್ಯಾಲೊರಿ, ಒಂದು ಊಟದ ಚಮಚಕ್ಕೆ 120. ಬಾಟಲಿಯಿಂದ ನೇರ ಬಾಣಲೆಗೆ ಸುರಿಯುವ ಕೈಗೆ ಟೀ ಚಮಚ ಯಾವುದು, ಊಟದ ಚಮಚ ಯಾವುದು ಅಂತ ಗೊತ್ತಿರುವುದಿಲ್ಲ. ಅಕ್ಕಿ ರೊಟ್ಟಿಗೆ ಸುತ್ತಲೂ ಬಿಡುವ ಎಣ್ಣೆ, ದೋಸೆಗೆ ಹಾಕುವ ತುಪ್ಪ ಯಾರೂ ಬರೆಯುವುದಿಲ್ಲ. ಹಾಗಾಗಿ ಬೇರೆ ದಾರಿಯಿಂದ ಬನ್ನಿ. ಮನೆಗೆ ತಿಂಗಳಿಗೆ ಎಷ್ಟು ಲೀಟರ್ ಎಣ್ಣೆ ತರುತ್ತೀರಿ? ನಾಲ್ಕು ಜನಕ್ಕೆ ನಾಲ್ಕು ಲೀಟರ್ ಅಂದರೆ ತಲೆಗೆ ಒಂದು ಲೀಟರ್. ಒಂದು ಲೀಟರ್ ಎಣ್ಣೆ ಸುಮಾರು 910 ಗ್ರಾಂ, ಗ್ರಾಂಗೆ 9 ಕ್ಯಾಲೊರಿ. ಮೂವತ್ತು ದಿನಕ್ಕೆ ಹಂಚಿದರೆ ತಲೆಗೆ ದಿನಕ್ಕೆ 270. ಆಪ್‌ನಲ್ಲಿ ನಿಮ್ಮ ದಿನದ ಎಣ್ಣೆ 90 ಅಂತ ತೋರಿಸುತ್ತಿದ್ದರೆ ಉಳಿದ 180 ಎಲ್ಲಿ ಹೋಯಿತು? ತಪ್ಪು ಆಪ್‌ನದ್ದಲ್ಲ ಅಲ್ವಾ.

ಮರೆತು ಬಿಡುವುದು ನಮ್ಮ ನಿಮ್ಮ ಚಾಳಿ ಮಾತ್ರವಲ್ಲ. 1992ರಲ್ಲಿ ಅಮೆರಿಕದ ಒಂದು ಹೆಸರಾಂತ ವೈದ್ಯಕೀಯ ಪತ್ರಿಕೆಯಲ್ಲಿ ಒಂದು ಅಧ್ಯಯನ ಬಂತು. 'ಕಡಿಮೆ ತಿಂದರೂ ತೂಕ ಇಳಿಯುತ್ತಿಲ್ಲ' ಅನ್ನುತ್ತಿದ್ದವರನ್ನು ಅಳೆದು ನೋಡಿದರು. ತಿಂದದ್ದನ್ನು ಅವರು ಸರಾಸರಿ ಶೇ. 47ರಷ್ಟು ಕಡಿಮೆ ಹೇಳಿದ್ದರು, ಓಡಾಟವನ್ನು ಶೇ. 51ರಷ್ಟು ಹೆಚ್ಚು ಹೇಳಿದ್ದರು. ಅವರು ಸುಳ್ಳು ಹೇಳಿದರು ಅಂತ ನಾನು ಓದಿಕೊಂಡಿಲ್ಲ. ಬಾಯಿಗೆ ಹಾಕಿಕೊಂಡ ಎರಡು ಕಡಲೆಕಾಯಿ ಯಾರಿಗೂ ನೆನಪಿರುವುದಿಲ್ಲ.

ಫೋಟೊ ತೆಗೆದರೆ ಸಾಕು, ಕ್ಯಾಲೊರಿ ನಾವೇ ಹೇಳುತ್ತೇವೆ ಅನ್ನುವ ಸೌಲಭ್ಯ ಈಗ ಎಲ್ಲ ಕಡೆ ಬರುತ್ತಿದೆ. ಏನು ತಿಂದೆ ಅಂತ ನೆನಪಿಗೆ ಅದು ಒಳ್ಳೆಯದು. ಲೆಕ್ಕಕ್ಕೆ ಬೇಡ. ಕ್ಯಾಮೆರಾಗೆ ಪಲ್ಯದ ಒಳಗಿನ ಎಣ್ಣೆ ಕಾಣುವುದಿಲ್ಲ, ಚಟ್ನಿಯಲ್ಲಿ ಕಾಯಿ ಎಷ್ಟು, ಹುರಿಗಡಲೆ ಎಷ್ಟು ಗೊತ್ತಾಗುವುದಿಲ್ಲ, ಅನ್ನದ ಗುಡ್ಡೆ ಎಷ್ಟು ದಪ್ಪ ಅಂತ ಮೇಲಿನಿಂದ ತಿಳಿಯುವುದಿಲ್ಲ. ಬೆಳಕು, ಕೋನ ಬದಲಾದ ಹಾಗೆ ಅಂಕಿಯೂ ಬದಲಾಗುತ್ತದೆ. ಮೇಲೆ ಹೇಳಿದ ಎರಡನೆಯ ತಕ್ಕಡಿ ಇದೇ.

ಕೈಗಡಿಯಾರದ ಲೆಕ್ಕವೂ ಹಾಗೇ. 'ಇವತ್ತು ನಡೆದು 300 ಸುಟ್ಟಿದ್ದೀರಿ' ಅಂತ ಅದು ಹೇಳುತ್ತದೆ, ಆಪ್ ಆ 300ನ್ನು ಊಟದ ಖಾತೆಗೆ ಸೇರಿಸುತ್ತದೆ, ನೀವು ಒಂದು ಮಸಾಲೆ ದೋಸೆ ತಿನ್ನುತ್ತೀರಿ. 2017ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು ಏಳು ಬಗೆಯ ಕೈಪಟ್ಟಿಗಳನ್ನು ಪರೀಕ್ಷಿಸಿದರು. ಎದೆಬಡಿತ ಹೆಚ್ಚಿನವು ಸರಿಯಾಗಿಯೇ ಹೇಳಿದವು. ಕ್ಯಾಲೊರಿ ವಿಷಯದಲ್ಲಿ ಎಲ್ಲಕ್ಕಿಂತ ಚೆನ್ನಾಗಿದ್ದದ್ದೂ ಸರಾಸರಿ ಶೇ. 27ರಷ್ಟು ತಪ್ಪಿತ್ತು. ವಾಚು ಹೆಜ್ಜೆ ಎಣಿಸಲಿ, ಬಿಡಿ. ವ್ಯಾಯಾಮದ ಕ್ಯಾಲೊರಿ ಊಟಕ್ಕೆ ಸೇರಿಸುವ ಗುಂಡಿಯನ್ನು ಆಪ್‌ನ ಸೆಟ್ಟಿಂಗ್ಸ್‌ನಲ್ಲಿ ಹುಡುಕಿ ಆರಿಸಿಬಿಡಿ. ಆರಿಸಲು ಬಿಡದ ಆಪ್ ಆದರೆ ವಾಚನ್ನು ಅದಕ್ಕೆ ಜೋಡಿಸಲೇಬೇಡಿ.

ಇನ್ನು ಆ 1200. ಅದು ನಿಮ್ಮ ದೇಹ ನೋಡಿ ಹೇಳಿದ್ದಲ್ಲ. ಶುರುವಿನಲ್ಲಿ 'ವಾರಕ್ಕೆ ಎಷ್ಟು ಇಳಿಸಬೇಕು' ಅಂತ ಕೇಳಿದಾಗ ನೀವು 1 ಕೆ.ಜಿ. ಅಂತ ಒತ್ತಿರುತ್ತೀರಿ. ಒಂದು ಕೆ.ಜಿ. ಕೊಬ್ಬಿಗೆ ಸುಮಾರು 7700 ಕ್ಯಾಲೊರಿ ಅಂತ ಲೆಕ್ಕ, ಏಳು ದಿನಕ್ಕೆ ಹಂಚಿದರೆ ದಿನಕ್ಕೆ 1100 ಕಡಿತ. ನಿಮ್ಮ ವಯಸ್ಸು, ಎತ್ತರ, ತೂಕ ಹಾಕಿದರೆ ಸಾಮಾನ್ಯ ಸೂತ್ರದಲ್ಲಿ ಸುಮ್ಮನೆ ಮಲಗಿದ್ದರೂ ದಿನಕ್ಕೆ 1290 ಬೇಕು. ತರಗತಿಯಲ್ಲಿ ನಿಂತು ಪಾಠ ಮಾಡುವುದೆಲ್ಲ ಸೇರಿ 1770 ಅನ್ನಿ. ಅದರಲ್ಲಿ 1100 ಕಳೆದರೆ 670. ಅಷ್ಟು ಕಡಿಮೆ ಹೇಳಲು ಆಪ್‌ಗೂ ಧೈರ್ಯ ಇಲ್ಲ, ಅದಕ್ಕೇ 1200ಕ್ಕೆ ಬಂದು ನಿಂತಿದೆ. ವಾರಕ್ಕೆ ಅರ್ಧ ಕೆ.ಜಿ. ಅಂದರೂ 1220 ಬರುತ್ತದೆ. ವಾರಕ್ಕೆ ಕಾಲು ಕೆ.ಜಿ. ಅಂತ ಬದಲಿಸಿ. 1500ರ ಹತ್ತಿರ ತೋರಿಸುತ್ತದೆ. ಅದರಲ್ಲಿ ಹೊಟ್ಟೆ ತುಂಬ ಊಟ ಮಾಡಿ ಪಾಠ ಮಾಡಬಹುದು. ತಿಂಗಳಿಗೆ ಒಂದು ಕೆ.ಜಿ. ಕಡಿಮೆ ಅನ್ನಿಸಬಹುದು, ಆದರೆ 1200 ಹಿಡಿದವರು ಎರಡನೆಯ ವಾರದ ಭಾನುವಾರ ಏನು ಮಾಡುತ್ತಾರೆ ಅಂತ ನಾನು ಬೇಕಾದಷ್ಟು ನೋಡಿದ್ದೇನೆ. ಪ್ರೋಟೀನ್ ದಿನಕ್ಕೆ 55–60 ಗ್ರಾಂ ಬರುತ್ತಿದೆಯಾ ನೋಡಿಕೊಳ್ಳಿ. ಬೇಳೆ, ಮೊಸರು, ಮೊಳಕೆಕಾಳು, ತಿನ್ನುವವರಾದರೆ ಮೊಟ್ಟೆ. ಆಪ್ ತೋರಿಸುವ ಬಣ್ಣಬಣ್ಣದ ಉಳಿದ ಚಕ್ರಗಳನ್ನು ಸದ್ಯಕ್ಕೆ ನೋಡದಿದ್ದರೂ ನಡೆಯುತ್ತದೆ.

ಈ 1500 ಕೂಡ ಅಂದಾಜೇ. ಮೂರು ನಾಲ್ಕು ವಾರ ಒಂದೇ ರೀತಿ ಬರೆಯಿರಿ, ಬೆಳಿಗ್ಗೆ ಎದ್ದ ಮೇಲೆ ತೂಕ ನೋಡಿ. ಒಂದು ದಿನದ ತೂಕಕ್ಕೆ ಬೆಲೆ ಕೊಡಬೇಡಿ, ಹಿಂದಿನ ದಿನ ಉಪ್ಪಿನಕಾಯಿ ಜಾಸ್ತಿ ತಿಂದರೂ ಒಂದು ಕೆ.ಜಿ. ಮೇಲೆ ಕೆಳಗೆ ಆಗುತ್ತದೆ. ವಾರದ ಸರಾಸರಿ ತೋರಿಸುವ ಆಪ್ ಆದರೆ ಒಳ್ಳೆಯದು. ಸರಾಸರಿ ಅಲುಗಾಡದಿದ್ದರೆ 100 ಕಡಿಮೆ ಮಾಡಿ. ಆಪ್ ಹೇಳಿದ್ದು 1500, ನೀವು ನಿಜವಾಗಿ ತಿಂದದ್ದು 1700 ಇದ್ದರೂ ಪರವಾಗಿಲ್ಲ. ತಪ್ಪು ದಿನಾ ಅಷ್ಟೇ ಇದ್ದರೆ, ಇಳಿಸಬೇಕಾದ 100 ಮಾತ್ರ ನಿಜ.

ದುಡ್ಡಿನ ವಿಷಯ. ಮೊದಲ ಎರಡು ತಿಂಗಳು ಬಿಟ್ಟಿ ಆವೃತ್ತಿ ಸಾಕು. 'ಏಳು ದಿನ ಉಚಿತ' ಅಂತ ಕಾರ್ಡ್ ಅಥವಾ ಯುಪಿಐ ಕೊಟ್ಟರೆ ಎಂಟನೆಯ ದಿನ ತಾನಾಗಿಯೇ ವರ್ಷದ ಹಣ ಕಡಿತವಾಗಬಹುದು. ಫೋನಿನಿಂದ ಆಪ್ ಅಳಿಸಿದರೆ ಚಂದಾ ನಿಲ್ಲುವುದಿಲ್ಲ. ಪ್ಲೇ ಸ್ಟೋರ್‌ನಲ್ಲಿ ಚಂದಾ ರದ್ದು ಮಾಡಬೇಕು, ಯುಪಿಐ ಆಪ್‌ನಲ್ಲಿ ಆಟೊಪೇ ಇದ್ದರೆ ಅದನ್ನೂ ತೆಗೆಯಬೇಕು. ಕೋಚ್ ಇರುವ ಪ್ಯಾಕೇಜ್ ತಗೊಳ್ಳುವ ಮೊದಲು ಒಂದೇ ಪ್ರಶ್ನೆ ಕೇಳಿ: ನನ್ನ ಜೊತೆ ಮಾತಾಡುವವರ ಓದು ಏನು? ಉತ್ತರ ಸುತ್ತಿ ಬಳಸಿ ಬಂದರೆ ಬೇಡ. ನಾನು ಒಮ್ಮೆ ಒಂದು ಆಪ್ ಪರೀಕ್ಷಿಸಲು ನನ್ನ ನಂಬರ್ ಕೊಟ್ಟು, ಹದಿನೈದು ದಿನ 'ಮೇಡಂ, ಆಫರ್ ಇವತ್ತೇ ಕೊನೆ' ಅಂತ ಫೋನ್ ಬಂತು. ಆ ಕೊನೆಯ ದಿನ ಬರಲೇ ಇಲ್ಲ. ಈಗ ಮಿಂಚಂಚೆ ಮಾತ್ರ ಕೊಟ್ಟು ಸೇರಲು ಬಿಡುತ್ತದಾ ಅಂತ ಮೊದಲು ನೋಡುತ್ತೇನೆ.

ಮಾಹಿತಿ ಸುರಕ್ಷತೆಯನ್ನೂ ಹಗುರವಾಗಿ ನೋಡಬೇಡಿ. 2018ರಲ್ಲಿ ಮೈಫಿಟ್‌ನೆಸ್‌ಪಾಲ್‌ನ ಸುಮಾರು 15 ಕೋಟಿ ಖಾತೆಗಳ ಮಾಹಿತಿ ಕಳವಾಗಿತ್ತು. ಬ್ಯಾಂಕಿಗೆ, ಜಿಮೇಲ್‌ಗೆ ಇಟ್ಟ ಪಾಸ್‌ವರ್ಡನ್ನೇ ಇಲ್ಲಿ ಇಡಬೇಡಿ. ನಿಮಗೆ ಬೇಡವಾದ ಆ ಎರಡು ಆಪ್‌ಗಳನ್ನು ಸುಮ್ನೆ ಅಳಿಸುವ ಮೊದಲು ಒಳಗೆ ಹೋಗಿ ಖಾತೆ ಮುಚ್ಚಿ.

ನಿಮ್ಮ ಯಜಮಾನರ ವಿಷಯಕ್ಕೆ ಬರೋಣ. ಆಪ್ ಅದೇ ಆಗಬಹುದು, ಖಾತೆ ಬೇರೆ, ನೋಡುವ ಅಂಕಿ ಬೇರೆ. ಅವರು ಮೊದಲು ನೋಡಬೇಕಾದ್ದು ಒಂದೊಂದು ಹೊತ್ತಿಗೆ ಎಷ್ಟು ಗ್ರಾಂ ಕಾರ್ಬೋಹೈಡ್ರೇಟ್ ಬರುತ್ತಿದೆ ಅನ್ನುವುದನ್ನು. ಮುದ್ದೆ ಆದರೆ ಎಷ್ಟು ಬೇಕಾದರೂ ತಿನ್ನಬಹುದು ಅನ್ನುವ ನಂಬಿಕೆ ಅವರಿಗಿದ್ದರೆ ಆಪ್ ಅದನ್ನು ಬಿಡಿಸುತ್ತದೆ. ಒಣ ತೂಕದಲ್ಲಿ ರಾಗಿಗೂ ಅಕ್ಕಿಗೂ ಕ್ಯಾಲೊರಿಯಲ್ಲಿ ದೊಡ್ಡ ಅಂತರ ಇಲ್ಲ. ಆದರೆ ಒಂದು ಎಚ್ಚರಿಕೆ. ಅವರು ಇನ್ಸುಲಿನ್ ತೆಗೆದುಕೊಳ್ಳುತ್ತಿದ್ದರೆ, ಅಥವಾ ಗ್ಲಿಮೆಪಿರೈಡ್ ತರಹದ ಮಾತ್ರೆ ಇದ್ದರೆ, ಆಪ್ ಹೇಳಿತು ಅಂತ ಒಮ್ಮೆಲೇ ಅನ್ನ ಮುದ್ದೆ ಕಡಿಮೆ ಮಾಡಬಾರದು. ಸಕ್ಕರೆ ತೀರಾ ಇಳಿದು ತಲೆ ಸುತ್ತಿ ಬೀಳಬಹುದು. ಮೊದಲು ಅವರ ಡಾಕ್ಟರಿಗೆ ಹೇಳಿ, ಮಾತ್ರೆಯ ಪ್ರಮಾಣ ನೋಡಿಸಿಕೊಂಡು ಶುರು ಮಾಡಲಿ.

ಮನೆಯಲ್ಲಿ ಹೈಸ್ಕೂಲು, ಕಾಲೇಜಿಗೆ ಹೋಗುವ ಮಕ್ಕಳಿದ್ದರೆ ಅವರ ಫೋನಿಗೆ ಇದನ್ನು ಹಾಕಬೇಡಿ. ಊಟ ಬಿಡುವ, ತಿಂದದ್ದಕ್ಕೆ ಕೊರಗುವ ಸ್ವಭಾವ ಇರುವವರಿಗೆ ಕ್ಯಾಲೊರಿ ಎಣಿಕೆ ಕಾಯಿಲೆಯನ್ನೇ ಬೆಳೆಸಬಹುದು. ನಿಮಗೂ ಅಷ್ಟೇ. ಬರೆಯದ ದಿನ ರಾತ್ರಿ ನಿದ್ದೆ ಬರುತ್ತಿಲ್ಲ ಅಂತಾದರೆ ಒಂದು ತಿಂಗಳು ನಿಲ್ಲಿಸಿ, ಡಾಕ್ಟರ ಹತ್ತಿರ ಮಾತಾಡಿ.

ಕೊನೆಗೆ ಮದುವೆ ಊಟ. ಎಲೆಯ ಮೇಲಿನ ಇಪ್ಪತ್ತು ಪದಾರ್ಥಗಳನ್ನು ಒಂದೊಂದಾಗಿ ಹುಡುಕುತ್ತಾ ಕೂತರೆ ಪಕ್ಕದವರು ಎದ್ದು ಹೋಗಿರುತ್ತಾರೆ. ನಿಮ್ಮ ಆಪ್‌ನಲ್ಲಿ 'ಮದುವೆ ಊಟ' ಅಂತಲೇ ಒಂದು ಹೆಸರು ಮಾಡಿ, 1000 ಅಂತ ಇಟ್ಟುಬಿಡಿ. ಯಾವ ಮದುವೆಗೆ ಹೋದರೂ ಅದೇ ಒತ್ತಿ. ಒಬ್ಬಟ್ಟನ್ನು ಮಾತ್ರ ಬೇರೆ ಬರೆಯಿರಿ, ಒಂದಕ್ಕೆ 250ರಿಂದ 300, ಮೇಲೆ ಹಾಕಿಸಿಕೊಂಡ ತುಪ್ಪ ಟೀ ಚಮಚಕ್ಕೆ 40ರ ಮೇಲೆ. ಬಡಿಸುವವರು ಬಲವಂತ ಮಾಡಿ ಹಾಕಿದ ಎರಡನೆಯದನ್ನೂ ಸೇರಿಸಿ.